ವೇಗಕ್ಕೆ ಕಡಿವಾಣ ಹಾಕಿದ ರಾಲ್ಫ್ ಟೀಟರ್

ಬೇಸಿಗೆಯ ರಜೆ ಮುಗಿಯುತ್ತಿದ್ದ ದಿನಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮೋಟಾರ್ ಸೈಕಲ್ಲಿಗೆ ಥ್ರಾಟಲ್ ಲಾಕ್ ಎಂಬ ಸಣ್ಣ ಸಲಕರಣೆಯೊಂದನ್ನು ಹಾಕಿಸಿಕೊಳ್ಳಲು ಕೋಸಗಿಯ ಒಂದು ರಿಪೇರಿ ಅಂಗಡಿಗೆ ಬಂದಿದ್ದ. ನಾವೂ ನಮ್ಮ ಹಳೆಯ ಗಾಡಿಯ ಚೈನು ಬಿಗಿ ಮಾಡಿಸಿಕೊಳ್ಳಲು ಅಲ್ಲೇ ಕುಳಿತಿದ್ದೆವು. ಅವನಿಗೆ ಆದವಾನಿ, ರಾಯಚೂರು ಎಂದು ದಿನವೂ ತಿರುಗಾಡುವ ಕೆಲಸ. ಗಂಟೆಗಟ್ಟಲೆ ಬಲಗೈಯಿಂದ ಹಿಡಿಯನ್ನು ತಿರುಗಿಸಿ ಹಿಡಿದು ಮಣಿಕಟ್ಟು ಜೋಮು ಹಿಡಿಯುತ್ತದೆ, ರಾತ್ರಿ ಊಟ ಮಾಡುವಾಗ ತುತ್ತು ಎತ್ತಲೂ ಕೈ ಬಾರದು ಎಂದು ಹೇಳಿಕೊಂಡ.

ಮೋಟಾರ್ ಸೈಕಲ್ಲಿನ ಬಲಗಡೆಯ ಹಿಡಿಯನ್ನು ತಿರುಗಿಸುವುದಕ್ಕೆ ನಮ್ಮ ಕಡೆ ರೇಸ್ ಕೊಡುವುದು ಎನ್ನುತ್ತಾರೆ. ಹಿಡಿ ತಿರುಗಿದರೆ ಒಳಗಿನ ತಂತಿ ಎಳೆದು ಎಂಜಿನ್ನಿಗೆ ಹೋಗುವ ಗಾಳಿಯ ದಾರಿ ತೆರೆಯುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲೂ ಒಳಗೆ ಹೋಗಿ ಗಾಡಿಯ ಓಟ ಹೆಚ್ಚುತ್ತದೆ. ಕೈ ಬಿಟ್ಟರೆ ಸ್ಪ್ರಿಂಗ್ ಹಿಡಿಯನ್ನು ಮೊದಲಿನ ಜಾಗಕ್ಕೆ ತರುತ್ತದೆ. ಥ್ರಾಟಲ್ ಲಾಕ್ ಎಂಬುದು ಹಿಡಿಯ ಅಂಚಿಗೆ ಕಚ್ಚಿಕೊಳ್ಳುವ ಒಂದು ಬಳೆ. ಅದನ್ನು ಒತ್ತಿದರೆ ಹಿಡಿ ಹಿಂದಕ್ಕೆ ಬಾರದೆ ಇದ್ದಲ್ಲೇ ನಿಲ್ಲುತ್ತದೆ, ಸವಾರನ ಮಣಿಕಟ್ಟಿಗೆ ಒಂದಿಷ್ಟು ವಿಶ್ರಾಂತಿ ದೊರೆಯುತ್ತದೆ.

ಅಂಗಡಿಯ ಹುಡುಗ ಬಳೆಯನ್ನು ಕೂಡಿಸಿ ಸ್ಕ್ರೂ ಬಿಗಿದ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಜಿನ್ ಚಾಲೂ ಮಾಡಿ ಒಮ್ಮೆ ರೇಸ್ ಕೊಟ್ಟು ಕೈ ಬಿಟ್ಟ. ಎಂಜಿನ್ನಿನ ಆರ್ಭಟ ಇಳಿಯಲೇ ಇಲ್ಲ! ಲಾಕನ್ನು ಒತ್ತದಿದ್ದರೂ ಬಳೆ ಹಿಡಿಯ ಅಂಚನ್ನು ಒತ್ತಿಕೊಂಡು ಕುಳಿತಿತ್ತು. ಹಿರಿಯ ಮೇಸ್ತ್ರಿ ಓಡಿ ಬಂದು ಕೆಂಪು ಗುಂಡಿ ಒತ್ತಿ ಎಂಜಿನ್ ನಿಲ್ಲಿಸಿದ. ಆಮೇಲೆ ಅವನೇ ಸ್ಕ್ರೂ ಸಡಿಲಿಸಿ, ಹಿಡಿಗೂ ಬಳೆಗೂ ನಡುವೆ ಒಂದು ದಪ್ಪ ಕಾಗದ ಸರಿಯುವಷ್ಟು ಸಂದು ಇಟ್ಟು ಮತ್ತೆ ಬಿಗಿದ. ಎಂಜಿನ್ ಆರಿಸಿ ಹತ್ತಾರು ಸಲ ಹಿಡಿಯನ್ನು ತಿರುಗಿಸಿ ಬಿಟ್ಟು, ಅದು ತಾನಾಗಿ ಹಿಂದಕ್ಕೆ ಬರುವುದನ್ನು ನೋಡಿದ. ಬಳೆ ಮುಂದಿನ ಬ್ರೇಕಿನ ಸನ್ನೆಗೆ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ. ಎಂಜಿನ್ ಚಾಲೂ ಇಟ್ಟು ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿ, ಶಬ್ದ ಏರುವುದಿಲ್ಲವೆಂದು ಕಿವಿಗೊಟ್ಟು ಕೇಳಿದ. ಕೊನೆಗೆ ಲಾಕನ್ನು ಒತ್ತಿ, ಅದು ಹಾಕಿದ್ದಾಗಲೂ ಕೈಯಿಂದ ಬಲವಾಗಿ ತಿರುಗಿಸಿದರೆ ಹಿಡಿ ಹಿಂದಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸಿದ. ಊರೊಳಗೆ, ಮಳೆಯಲ್ಲಿ, ಎಮ್ಮೆ ಕುರಿಗಳು ಅಡ್ಡ ಬರುವ ದಾರಿಯಲ್ಲಿ ಇದನ್ನು ಮುಟ್ಟಲೇಬಾರದು, ಬ್ರೇಕ್ ಹಿಡಿದರೂ ಇದು ತಾನಾಗಿ ಬಿಡುವುದಿಲ್ಲ ಎಂದು ಎಚ್ಚರಿಕೆ ಹೇಳಿ ಕಳಿಸಿದ.

ಅಲ್ಲಿ ನಿಂತು ನೋಡುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಮ್ಮನ್ನು ಒಂದು ಒಳ್ಳೆಯ ಪ್ರಶ್ನೆ ಕೇಳಿದ. ಈ ಲಾಕ್ ಹಾಕಿದರೆ ಗಾಡಿ ಒಂದೇ ವೇಗದಲ್ಲಿ ಹೋಗುತ್ತದೆಯೇ ಎಂದು. ಇಲ್ಲ. ಲಾಕ್ ಹಿಡಿಯುವುದು ಹಿಡಿಯನ್ನೇ ಹೊರತು ವೇಗವನ್ನಲ್ಲ. ದಿಬ್ಬ ಬಂದರೆ ಗಾಡಿ ನಿಧಾನವಾಗುತ್ತದೆ, ಇಳುಕಲು ಬಂದರೆ ಓಟ ಹೆಚ್ಚುತ್ತದೆ. ಹಾಗಾದರೆ ವೇಗವನ್ನೇ ಹಿಡಿದು ನಿಲ್ಲಿಸುವ ಯಂತ್ರ ಉಂಟೆ, ಅದನ್ನು ಮಾಡಿದವರು ಯಾರು ಎಂದು ಅವನು ಮತ್ತೆ ಕೇಳಿದ. ಉಂಟು. ಇಂದಿನ ಕಾರುಗಳಲ್ಲಿ ಅದಕ್ಕೆ ಕ್ರೂಸ್ ಕಂಟ್ರೋಲ್ ಎನ್ನುತ್ತಾರೆ. ಅದನ್ನು ಮೋಟಾರು ವಾಹನಗಳಿಗೆ ಅಳವಡಿಸಿ ಲೋಕಕ್ಕೆ ಕೊಟ್ಟವರು ಐದನೆಯ ವಯಸ್ಸಿನಲ್ಲೇ ಪೆಟ್ಟು ತಗುಲಿ ದೃಷ್ಟಿ ಕಳೆದುಕೊಂಡ ಒಬ್ಬ ಎಂಜಿನಿಯರ್. ಹುಡುಗ ನಂಬಲಿಲ್ಲ. ಅವನಿಗೂ ಅವನಂಥ ಎಲ್ಲ ವಿದ್ಯಾರ್ಥಿಗಳಿಗೂ ಆ ಮಹನೀಯನ ಜೀವನವನ್ನು ತಿಳಿಸೋಣವೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಬಾಲ್ಯ

ರಾಲ್ಫ್ ಟೀಟರ್ ಹುಟ್ಟಿದ್ದು 1890ರ ಆಗಸ್ಟ್ 17ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನ್ ಎಂಬಲ್ಲಿ. ಅದು ನಮ್ಮ ಕೋಸಗಿಗಿಂತಲೂ ಬಹಳ ಚಿಕ್ಕ ಊರು. ಸುತ್ತಲೂ ಹೊಲಗದ್ದೆಗಳು, ನಡುವೆ ಕೆಲವು ಬೀದಿಗಳು. ಆದರೆ ಟೀಟರ್ ಮನೆತನದವರಿಗೆ ಯಂತ್ರವೆಂದರೆ ಪ್ರಾಣ. ರಾಲ್ಫನ ದೊಡ್ಡವರಲ್ಲೊಬ್ಬರಾದ ಚಾರ್ಲ್ಸ್ ಟೀಟರ್ ರೈಲು ಹಳಿಯ ಮೇಲೆ ಕಾಲಿನಿಂದ ತುಳಿದು ಓಡಿಸುವ ಒಂದು ಬಗೆಯ ಸೈಕಲ್ಲನ್ನು ಕಂಡುಹಿಡಿದಿದ್ದರು. ಹಳಿಗಳನ್ನು ತಪಾಸಣೆ ಮಾಡುವ ಸಿಬ್ಬಂದಿಗೆ ಅದು ಬಹು ಉಪಯುಕ್ತವಾಯಿತು. ಅಂಥ ಗಾಡಿಗಳನ್ನು ತಯಾರಿಸುವುದೇ ಮನೆತನದ ಉದ್ಯಮವಾಗಿ ಬೆಳೆಯಿತು. ನಮ್ಮೂರು ಗುಂತಕಲ್ಲು–ರಾಯಚೂರು ರೈಲುಮಾರ್ಗದ ಮೇಲಿದೆ. ರೈಲ್ವೆಯವರು ಹಳಿಯ ಮೇಲೆ ಟ್ರಾಲಿ ತಳ್ಳಿಕೊಂಡು ತಪಾಸಣೆಗೆ ಹೋಗುವುದನ್ನು ನಮ್ಮ ಮಕ್ಕಳು ನೋಡಿರುತ್ತಾರೆ. ಹೇಗರ್ಸ್‌ಟೌನಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಅದೇ ಜಾತಿಯ ಗಾಡಿ.

ಬಾಲಕ ರಾಲ್ಫನಿಗೆ ಐದು ವರ್ಷವಾಗಿದ್ದಾಗ ಕೈಯಲ್ಲಿದ್ದ ಚಾಕು ಜಾರಿ ಒಂದು ಕಣ್ಣಿಗೆ ತಗುಲಿತು. ಆ ಕಣ್ಣು ಹೋಯಿತು. ಕಣ್ಣಿನ ಆಳವಾದ ಗಾಯಗಳಲ್ಲಿ ಒಂದು ವಿಚಿತ್ರ ಅಪಾಯವುಂಟು. ಪೆಟ್ಟು ಬಿದ್ದ ಕಣ್ಣಿನಿಂದಾಗಿ, ಪೆಟ್ಟೇ ಬೀಳದ ಮತ್ತೊಂದು ಕಣ್ಣಿಗೂ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಉರಿಯೂತ ಹತ್ತುವುದುಂಟು. ಇಂದು ಅದಕ್ಕೆ ಔಷಧಗಳಿವೆ, ಅಂದು ಇರಲಿಲ್ಲ. ವರ್ಷ ಕಳೆಯುವುದರೊಳಗೆ ಎರಡನೆಯ ಕಣ್ಣೂ ಆರಿಹೋಗಿ ಬಾಲಕನ ಪಾಲಿಗೆ ಲೋಕವೇ ಕತ್ತಲಾಯಿತು. ವಿದ್ಯಾರ್ಥಿಗಳು ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಕಣ್ಣಿಗೆ ಪೆಟ್ಟಾದರೆ ಮನೆಮದ್ದು ಹಾಕಿ ಕೂರದೆ, ಆ ದಿನವೇ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು.

ಇಂಥ ಮಗುವನ್ನು ಮೂಲೆಯಲ್ಲಿ ಕೂರಿಸಿ ಅನ್ನ ಹಾಕುವ ತಂದೆತಾಯಿಗಳೇ ಆ ಕಾಲದಲ್ಲಿ ಹೆಚ್ಚು. ರಾಲ್ಫನ ತಂದೆತಾಯಿಗಳು ಹಾಗೆ ಮಾಡಲಿಲ್ಲ. ಕಣ್ಣಿಲ್ಲದ ಮಗ ಎಂದು ಮರುಗಲಿಲ್ಲ, ಬೇರೆ ಮಕ್ಕಳು ಮಾಡುವುದನ್ನು ಇವನಿಗೆ ಬೇಡವೆನ್ನಲಿಲ್ಲ. ಮನೆತನದ ಕಾರ್ಖಾನೆಯಲ್ಲಿ ಅವನು ಬೆರಳುಗಳಿಂದಲೇ ತಡವಿ ಸುತ್ತಿಗೆ, ಅರ, ಸ್ಪಾನರುಗಳ ಗುರುತು ಹಿಡಿದ. ಲೇತ್ ಯಂತ್ರದ ಸದ್ದಿನಿಂದಲೇ ಲೋಹ ಸರಿಯಾಗಿ ಕತ್ತರಿಸುತ್ತಿದೆಯೋ ಇಲ್ಲವೋ ಎಂದು ತಿಳಿಯುವುದನ್ನು ಕಲಿತ. ಯಾವ ವಸ್ತುವನ್ನು ಎಲ್ಲಿಂದ ತೆಗೆದನೋ ಅಲ್ಲಿಯೇ ಇಡುವ ಶಿಸ್ತು ಅವನಿಗೆ ಅನಿವಾರ್ಯವಾಯಿತು. ಕಣ್ಣಿದ್ದ ನಮಗೆ ಅದು ಜೀವಮಾನವೆಲ್ಲ ಬಾರದು.

1902ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ದಾಯಾದಿ ಹುಡುಗನೊಬ್ಬನನ್ನು ಜೊತೆಗಿಟ್ಟುಕೊಂಡು ರಾಲ್ಫ್ ಒಂದು ಮೋಟಾರು ಗಾಡಿಯನ್ನೇ ಕಟ್ಟಿದ. ಗಂಟೆಗೆ ಸುಮಾರು 25 ಮೈಲಿ, ಅಂದರೆ 40 ಕಿಲೋಮೀಟರ್ ವೇಗದಲ್ಲಿ ಅದು ಓಡಿತು. ಮೋಟಾರು ಗಾಡಿ ಎಂಬುದನ್ನು ಅಮೆರಿಕದಲ್ಲೂ ಬಹುಮಂದಿ ಕಂಡಿರದ ಕಾಲವದು. ಕಣ್ಣಿದ್ದ ದೊಡ್ಡವರೇ ಅದರ ಒಳಗೇನಿದೆಯೆಂದು ತಿಳಿಯದಿದ್ದಾಗ, ಕಣ್ಣಿಲ್ಲದ ಬಾಲಕ ಅದನ್ನು ಬಿಚ್ಚಿ ಕೂಡಿಸಬಲ್ಲವನಾಗಿದ್ದ.

ವಿದ್ಯಾಭ್ಯಾಸ

ಊರಿನ ಶಾಲೆಯಲ್ಲಿ ಓದು ಮುಗಿಸಿದ ಮೇಲೆ ರಾಲ್ಫನಿಗೆ ಎಂಜಿನಿಯರಿಂಗ್ ಕಲಿಯುವ ಹಂಬಲವಾಯಿತು. ನಕ್ಷೆ ಬರೆಯುವ, ನಕ್ಷೆ ಓದುವ ವಿದ್ಯೆಯದು. ಕಣ್ಣಿಲ್ಲದವನಿಗೆ ಆ ವಿದ್ಯೆ ಹೇಗೆ ಹತ್ತೀತೆಂದು ಕಾಲೇಜುಗಳವರು ಹಿಂಜರಿದುದು ಸಹಜವೇ. ಆಗ ನೆರವಿಗೆ ಬಂದವಳು ಅವನ ಬಂಧುವಾದ ನೀವಾ ಡಿಯರ್‌ಡಾರ್ಫ್. ಅವಳು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಅಲ್ಲಿನವರೊಂದಿಗೆ ಮಾತನಾಡಿ ಅವನಿಗೆ ಪ್ರವೇಶ ದೊರಕುವಂತೆ ಮಾಡಿದಳು, ಪಾಠಗಳನ್ನು ಓದಿ ಹೇಳಿದಳು. ಕೇಳಿದ್ದನ್ನು ಮನಸ್ಸಿನಲ್ಲೇ ಚಿತ್ರವಾಗಿ ಬರೆದುಕೊಳ್ಳುವುದು, ಲೆಕ್ಕವನ್ನು ತಲೆಯಲ್ಲೇ ಕೊನೆಯವರೆಗೂ ನಡೆಸುವುದು ರಾಲ್ಫನ ಅಭ್ಯಾಸ. 1912ರಲ್ಲಿ ಅವನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರನಾಗಿ ಹೊರಬಂದ.

ಇಲ್ಲಿ ನಮ್ಮ ನಾಡಿನ ಇನ್ನೊಬ್ಬ ಮಹನೀಯರು ನೆನಪಾಗುತ್ತಾರೆ. ರಾಲ್ಫ್ ಹುಟ್ಟಿದ ಎರಡು ವರ್ಷಕ್ಕೆ, 1892ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಆ ಬಾಲಕನ ಕಂಠವನ್ನು ಗುರುತಿಸಿ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗವಾಯಿಗಳು ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ, ಕಣ್ಣಿಲ್ಲದ ನೂರಾರು ಮಕ್ಕಳ ಬಾಳಿಗೆ ದಾರಿ ತೋರಿಸಿ 1944ರಲ್ಲಿ ಲಿಂಗೈಕ್ಯರಾದರು. ಒಬ್ಬರು ನಾದದಲ್ಲಿ, ಇನ್ನೊಬ್ಬರು ಯಂತ್ರದಲ್ಲಿ. ಒಬ್ಬರಿಗೆ ಸ್ವಾಮಿಗಳೊಬ್ಬರು, ಇನ್ನೊಬ್ಬರಿಗೆ ಅಕ್ಕನಂಥ ಬಂಧು. ಇಬ್ಬರ ಜೀವನದಲ್ಲೂ ಕೈಹಿಡಿದು ಒಳಗೆ ಕರೆದುಕೊಂಡು ಹೋದವರು ಒಬ್ಬರಿದ್ದರು ಎಂಬುದನ್ನು ನಾವು ಮರೆಯಬಾರದು.

ಬೆರಳ ತುದಿಯ ಕಣ್ಣು

ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ ಟೀಟರ್ ಅವರು ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿದ್ದ ದೊಡ್ಡ ಹಡಗು ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದರು. ನೌಕಾಪಡೆಯ ವಿಧ್ವಂಸಕ ಹಡಗುಗಳಿಗೆ ಉಗಿ ಟರ್ಬೈನುಗಳನ್ನು ಅಲ್ಲಿ ಕೂಡಿಸುತ್ತಿದ್ದರು. ಟರ್ಬೈನಿನ ತಿರುಗುವ ಭಾಗಕ್ಕೆ ರೋಟರ್ ಎಂದು ಹೆಸರು. ಅದು ಬಹು ಭಾರವಾದದ್ದು, ಬಹು ವೇಗವಾಗಿ ತಿರುಗುವಂಥದ್ದು. ಅದರ ಒಂದು ಮಗ್ಗುಲು ಕೂದಲೆಳೆಯಷ್ಟು ಭಾರ ಹೆಚ್ಚಾದರೂ ಇಡೀ ಯಂತ್ರ ನಡುಗುತ್ತದೆ, ಬೇರಿಂಗುಗಳು ಸವೆಯುತ್ತವೆ, ಕೊನೆಗೆ ಮುರಿದುಹೋಗುವ ಭಯವೂ ಉಂಟು. ಹಗ್ಗಕ್ಕೆ ಕಲ್ಲು ಕಟ್ಟಿ ಗಿರಗಿರನೆ ತಿರುಗಿಸುವ ಹುಡುಗನಿಗೆ, ತಿರುಗು ಹೆಚ್ಚಿದಷ್ಟೂ ಕಲ್ಲು ಕೈಯನ್ನು ಜಗ್ಗುವುದು ಗೊತ್ತು. ರೋಟರಿನ ಹೆಚ್ಚಿನ ಭಾರವೂ ಹಾಗೆಯೇ ಜಗ್ಗುತ್ತದೆ.

ಆ ಹೆಚ್ಚಿನ ಭಾರ ಎಲ್ಲಿದೆಯೆಂದು ಹುಡುಕಿ ಸಮತೂಕಕ್ಕೆ ತರುವುದೇ ಟೀಟರ್ ಅವರಿಗೆ ವಹಿಸಿದ ಕೆಲಸ. ಕಣ್ಣಿಗೆ ಕಾಣದ ಅದುರನ್ನು ಅವರ ಬೆರಳುಗಳು ಹಿಡಿಯುತ್ತಿದ್ದವು. ಬೆರಳಿನ ಸ್ಪರ್ಶಕ್ಕೆ ಲೆಕ್ಕದ ಬಲವನ್ನೂ ಸೇರಿಸಿ ಅವರು ಆ ರೋಟರುಗಳನ್ನು ಸಮತೂಕಕ್ಕೆ ತಂದರು. ಕಣ್ಣಿದ್ದ ಅನೇಕರು ಪೇಚಾಡುತ್ತಿದ್ದ ಕೆಲಸದಲ್ಲಿ ಅವರು ಗೆದ್ದರು. ಟೀಟರ್ ಅವರನ್ನು ಕಂಡು ಅಯ್ಯೋ ಎನ್ನುವ ಅವಕಾಶ ಆ ಕಾರ್ಖಾನೆಯಲ್ಲಿ ಯಾರಿಗೂ ಉಳಿಯಲಿಲ್ಲ.

ಯುದ್ಧ ಮುಗಿದ ಮೇಲೆ ಅವರು ಊರಿಗೆ ಮರಳಿ ಮನೆತನದ ಉದ್ಯಮದಲ್ಲಿ ಎಂಜಿನಿಯರ್ ಆದರು. 1922ರಲ್ಲಿ ನೆಲ್ಲಿ ಎಂಬ ಕನ್ಯೆಯನ್ನು ಮದುವೆಯಾದರು. ಅಷ್ಟರಲ್ಲಿ ಆ ಉದ್ಯಮ ಪಿಸ್ಟನ್ ರಿಂಗುಗಳ ತಯಾರಿಕೆಗೆ ತಿರುಗಿತ್ತು. ಮುಂದೆ ಅದಕ್ಕೆ ಪರ್ಫೆಕ್ಟ್ ಸರ್ಕಲ್ ಎಂದು ಹೆಸರಾಯಿತು. ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿಗೆ ಬಳೆಯಂತೆ ತೊಡಿಸುವ ಲೋಹದ ಉಂಗುರವೇ ರಿಂಗ್. ಮೇಲಿನ ಬಿಸಿ ಅನಿಲ ಕೆಳಗೆ ನುಸುಳದಂತೆ, ಕೆಳಗಿನ ಎಣ್ಣೆ ಮೇಲೆ ಏರದಂತೆ ಅದು ತಡೆಯುತ್ತದೆ. ಗಾಡಿ ನೀಲಿ ಹೊಗೆ ಬಿಡತೊಡಗಿದರೆ ರಿಂಗ್ ಹೋಗಿದೆ ಎಂದು ನಮ್ಮೂರ ಮೇಸ್ತ್ರಿಗಳೂ ಹೇಳುತ್ತಾರಲ್ಲವೆ? ಅದೇ ರಿಂಗ್. ಆ ಸಣ್ಣ ಉಂಗುರದಿಂದ ಹೇಗರ್ಸ್‌ಟೌನ್ ಎಂಬ ಚಿಕ್ಕ ಊರಿಗೆ ದೊಡ್ಡ ಹೆಸರು ಬಂತು.

1936ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ ಟೀಟರ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಕಾರು, ವಿಮಾನ, ಟ್ರ್ಯಾಕ್ಟರುಗಳ ಮಹಾಮೇಧಾವಿಗಳೆಲ್ಲ ಸದಸ್ಯರಾಗಿದ್ದ ಸಂಘವದು. 1946ರಲ್ಲಿ ಅವರು ಪರ್ಫೆಕ್ಟ್ ಸರ್ಕಲ್ ಕಂಪನಿಯ ಅಧ್ಯಕ್ಷರಾಗಿ ಹನ್ನೊಂದು ವರ್ಷ ಅದನ್ನು ನಡೆಸಿದರು. ನಡುವೆ ಬಿಡುವಾದಾಗ ಮನೆಯ ನೆಲಮಾಳಿಗೆಯಲ್ಲಿದ್ದ ಕೆಲಸದ ಮೇಜಿನ ಮುಂದೆ ನಿಂತು ಏನಾದರೊಂದು ಮಾಡುತ್ತಲೇ ಇರುವರು. ಬೀಗದ ಕೀಲುಗಳು, ಮೀನಿನ ಗಾಳದ ಕೋಲಿಗೆ ಆಸರೆ, ಎಂಜಿನ್ನಿನಿಂದ ನಡೆಯುವ ಹುಲ್ಲು ಕತ್ತರಿಸುವ ಯಂತ್ರ ಹೀಗೆ ಅವರ ಕೈ ತಾಗದ ವಿಷಯವಿಲ್ಲ. ಕೆಲಸದ ಮೇಜಿಗೆ ದೀಪ ಬೇಕಿರಲಿಲ್ಲ.

ಕಾರಿನ ಕುಲುಕಾಟದಿಂದ ಹುಟ್ಟಿದ ಯಂತ್ರ

ಎರಡನೆಯ ಮಹಾಯುದ್ಧದ ಕಾಲ. ರಬ್ಬರ್ ಬೆಳೆಯುವ ಆಗ್ನೇಯ ಏಷ್ಯಾದ ನಾಡುಗಳು ಜಪಾನಿನ ಕೈಸೇರಿದ್ದರಿಂದ ಅಮೆರಿಕದಲ್ಲಿ ಟೈರುಗಳಿಗೆ ಬಹಳ ಅಭಾವವಾಯಿತು. ವೇಗ ಹೆಚ್ಚಿದಷ್ಟೂ ಟೈರ್ ಬೇಗ ಸವೆಯುತ್ತದೆ, ಪೆಟ್ರೋಲೂ ಹೆಚ್ಚು ಉರಿಯುತ್ತದೆ. ಆದ್ದರಿಂದ 1942ರಲ್ಲಿ ಸರ್ಕಾರ ಯಾವ ಗಾಡಿಯೂ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರಿಗಿಂತ ವೇಗವಾಗಿ ಓಡಬಾರದೆಂದು ಆಜ್ಞೆ ಮಾಡಿತು. ಆದರೆ ಮನುಷ್ಯನ ಕಾಲು ಎಷ್ಟು ಹೊತ್ತು ಒಂದೇ ಹದದಲ್ಲಿ ಪೆಡಲನ್ನು ಒತ್ತೀತು?

ಟೀಟರ್ ಅವರಿಗೆ ಹ್ಯಾರಿ ಲಿಂಡ್ಸೆ ಎಂಬ ವಕೀಲರ ಪರಿಚಯವಿತ್ತು. ಪೇಟೆಂಟಿನ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಲಿಂಡ್ಸೆ ಕಾರು ನಡೆಸುವಾಗ ಮಾತಿಗೆ ತೊಡಗಿದರೆ ಕಾರು ನಿಧಾನವಾಗುವುದು, ಮಾತು ನಿಲ್ಲಿಸಿ ಕೇಳುತ್ತ ಕುಳಿತರೆ ಮತ್ತೆ ವೇಗ ಏರುವುದು. ಕಣ್ಣಿದ್ದ ಪ್ರಯಾಣಿಕನಿಗೆ ಇದು ಗೊತ್ತೇ ಆಗದು. ಅವನ ಗಮನ ಕಿಟಕಿಯ ಹೊರಗಿನ ಗಿಡಮರಗಳ ಮೇಲಿರುತ್ತದೆ. ಟೀಟರ್ ಅವರಿಗೆ ಕಿಟಕಿಯೆಂಬುದೇ ಇರಲಿಲ್ಲ. ಕಾರಿನ ಪ್ರತಿಯೊಂದು ಜಗ್ಗು, ಪ್ರತಿಯೊಂದು ಕುಲುಕು ಅವರ ಮೈಗೆ ಅರಿವಾಗುತ್ತಿತ್ತು. ಆ ಕಿರಿಕಿರಿಯನ್ನು ಗೊಣಗಿ ಕಳೆಯದೆ, ಇದಕ್ಕೊಂದು ಉಪಾಯ ಮಾಡಬೇಕೆಂದು ಅವರು ಮನಸ್ಸಿನಲ್ಲೇ ಗಂಟು ಹಾಕಿಕೊಂಡರು.

ವೇಗವನ್ನು ಯಂತ್ರವೇ ಕಾಯುವ ತತ್ತ್ವ ಹೊಸದೇನಲ್ಲ. 1788ರಲ್ಲಿಯೇ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಗವರ್ನರ್ ಎಂಬ ಸಾಧನವನ್ನು ಕೂಡಿಸಿದ್ದ. ಎರಡು ಗುಂಡುಗಳು ಒಂದು ಕಂಬದ ಸುತ್ತ ತಿರುಗುತ್ತವೆ. ಯಂತ್ರದ ಓಟ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಅಗಲಿ ಉಗಿಯ ದಾರಿಯನ್ನು ಕಿರಿದು ಮಾಡುತ್ತವೆ. ಓಟ ತಗ್ಗಿದರೆ ಒಳಕ್ಕೆ ಸರಿದು ದಾರಿಯನ್ನು ಹಿರಿದು ಮಾಡುತ್ತವೆ. ನಮ್ಮ ಹೊಲಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನಿನಲ್ಲೂ ಹಿಟ್ಟಿನ ಗಿರಣಿಯ ಎಂಜಿನ್ನಿನಲ್ಲೂ ಇದೇ ಗವರ್ನರ್ ಇರುತ್ತದೆ. ಗಿರಣಿಗೆ ಒಮ್ಮೆಲೇ ಜೋಳ ಸುರಿದಾಗ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತಾಗಿ, ಮರುಕ್ಷಣವೇ ಮೊದಲಿನ ಲಯಕ್ಕೆ ಬರುವುದನ್ನು ಹಿರಿಯರು ಕೇಳಿದ್ದಾರೆ. ಅದು ಗವರ್ನರಿನ ಕೆಲಸ.

ಆದರೆ ಗಿರಣಿ ಒಂದೆಡೆ ನಿಂತಿರುತ್ತದೆ, ಕಾರು ಓಡುತ್ತದೆ. ಮುಂದೆ ಹಳ್ಳವಿದೆಯೋ ದಿಬ್ಬವಿದೆಯೋ, ಮನುಷ್ಯರಿದ್ದಾರೋ ದನವಿದೆಯೋ ಬಲ್ಲವನು ಚಾಲಕನೊಬ್ಬನೇ. ಯಂತ್ರ ವೇಗವನ್ನು ಕಾಯಬೇಕು, ಆದರೆ ಚಾಲಕನ ಅಧಿಕಾರವನ್ನು ಕಿತ್ತುಕೊಳ್ಳಬಾರದು. ಟೀಟರ್ ಅವರ ವರ್ಷಗಳ ದುಡಿಮೆಯೆಲ್ಲ ಈ ಒಂದು ತೊಡಕನ್ನು ಬಿಡಿಸುವುದಕ್ಕೆ ಸಂದಿತು. ಒಂದರ ಮೇಲೊಂದು ಮಾದರಿ ಮಾಡಿ, ಕೆಡಿಸಿ, ಮತ್ತೆ ಮಾಡಿದರು. ಚಕ್ರ ಹಿಡಿದು ನಡೆಸಿದವರು ಬೇರೆಯವರು. ಪಕ್ಕದಲ್ಲಿ ಕುಳಿತು ಮೈಯೆಲ್ಲ ಕಿವಿಯಾಗಿ ತಪ್ಪು ಹಿಡಿದವರು ಟೀಟರ್.

1950ರ ಆಗಸ್ಟ್ 22ರಂದು ಅವರಿಗೆ ಪೇಟೆಂಟ್ ದೊರೆಯಿತು. ಅದರ ಕ್ರಮ ಹೀಗೆ: ಚಾಲಕ ತನಗೆ ಬೇಕಾದ ವೇಗವನ್ನು ಮುಂದಿನ ಹಲಗೆಯ ಮೇಲೆ ಗೊತ್ತು ಮಾಡುತ್ತಾನೆ. ಚಕ್ರಗಳಿಗೆ ಶಕ್ತಿ ಒಯ್ಯುವ ದಂಡದಿಂದ ಗವರ್ನರ್ ತಿರುಗುತ್ತದೆ. ಕಾರು ಆ ವೇಗವನ್ನು ಮುಟ್ಟುತ್ತಲೇ, ಎಂಜಿನ್ನಿನ ಗಾಳಿಯ ಸೆಳೆತದಿಂದ ನಡೆಯುವ ಒಂದು ಪಿಸ್ಟನ್ ಪೆಡಲನ್ನು ಹಿಂದಕ್ಕೆ ಒತ್ತುತ್ತದೆ. ಇಷ್ಟು ಸಾಕು ಎಂದು ಯಾರೋ ಪಾದಕ್ಕೆ ಮೆಲ್ಲನೆ ತಟ್ಟಿ ಹೇಳಿದಂತೆ. ಅಪಾಯ ಬಂದಾಗ ಚಾಲಕ ಬಲವಾಗಿ ತುಳಿದು ಮುಂದೆ ಹೋಗಬಹುದು. ಕಣ್ಣಿಲ್ಲದ ಎಂಜಿನಿಯರ್ ಕಣ್ಣಿದ್ದ ಚಾಲಕನಿಗೆ ಸ್ಪರ್ಶದ ಭಾಷೆಯಲ್ಲೇ ವೇಗವನ್ನು ತಿಳಿಸಿದರು. ಸ್ಪೀಡೋಮೀಟರಿನ ಮುಳ್ಳನ್ನು ನೋಡದೆಯೇ ವೇಗ ಗೊತ್ತಾಗತೊಡಗಿತು.

ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆಯುವಂತಾದರೆ ಇನ್ನೂ ಅನುಕೂಲವೆಂದು ಜನ ಬಯಸಿದರು. ಆಗ ವಿದ್ಯುತ್ತಿನಿಂದ ನಡೆಯುವ ಲಾಕನ್ನು ಅದಕ್ಕೆ ಸೇರಿಸಲಾಯಿತು. ಲಾಕ್ ವೇಗವನ್ನು ಹಿಡಿದಿರುತ್ತದೆ. ಚಾಲಕ ಬ್ರೇಕಿನ ಮೇಲೆ ಕಾಲಿಟ್ಟ ಕ್ಷಣವೇ ಬಿಟ್ಟುಕೊಡುತ್ತದೆ. ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಗಮನಿಸಬೇಕು. ಮೋಟಾರ್ ಸೈಕಲ್ಲಿನ ಸಾದಾ ಲಾಕಿಗೂ ಟೀಟರ್ ಅವರ ಯಂತ್ರಕ್ಕೂ ಇರುವ ದೊಡ್ಡ ಅಂತರ ಇದೇ. ಒಂದು ಹಿಡಿಯುವುದನ್ನು ಮಾತ್ರ ಬಲ್ಲದು, ಇನ್ನೊಂದು ಬಿಡುವುದನ್ನೂ ಬಲ್ಲದು.

ಈ ಯಂತ್ರಕ್ಕೆ ಅವರು ಕಂಟ್ರೋಲ್‌ಮ್ಯಾಟಿಕ್, ಟಚೊಮ್ಯಾಟಿಕ್, ಪ್ರೆಸ್ಸೊಮ್ಯಾಟಿಕ್ ಎಂದು ಹಲವು ಹೆಸರುಗಳನ್ನು ಯೋಚಿಸಿ ಕೊನೆಗೆ ಸ್ಪೀಡೋಸ್ಟಾಟ್ ಎಂದು ಕರೆದರು. 1958ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಇಂಪೀರಿಯಲ್ ಮುಂತಾದ ದೊಡ್ಡ ಕಾರುಗಳಲ್ಲಿ ಇದನ್ನು ಕೂಡಿಸಿ ಮಾರಿತು. ಬಳಿಕ ಕ್ಯಾಡಿಲಾಕ್ ಕಾರುಗಳವರು ಕ್ರೂಸ್ ಕಂಟ್ರೋಲ್ ಎಂದು ಕರೆದರು, ಆ ಹೆಸರೇ ನಿಂತಿತು. ಮೊದಮೊದಲು ಇದು ಶ್ರೀಮಂತರ ಸೊಗಸಾಗಿತ್ತು. 1973ರಲ್ಲಿ ಅರಬ್ ದೇಶಗಳು ತೈಲದ ಸಾಗಣೆಯನ್ನು ಬಿಗಿ ಹಿಡಿದಾಗ ಪೆಟ್ರೋಲಿನ ಬೆಲೆ ಏರಿತು, 1974ರಲ್ಲಿ ಅಮೆರಿಕದಲ್ಲಿ ಮತ್ತೆ ವೇಗದ ಮಿತಿ ಬಂತು. ಆಗ ಒಂದೇ ಹದದಲ್ಲಿ ಓಡಿದರೆ ಪೆಟ್ರೋಲ್ ಉಳಿಯುತ್ತದೆಂದು ಸಾಮಾನ್ಯರೂ ಇದರ ಬೆಲೆಯನ್ನು ಅರಿತರು. ಇಂದು ಗುಂಡುಗಳ ಬದಲು ಕಂಪ್ಯೂಟರು ವೇಗವನ್ನು ಎಣಿಸುತ್ತದೆ. ಮುಂದಿನ ಕಾರನ್ನು ಗುರುತಿಸಿ ತಾನಾಗಿ ನಿಧಾನವಾಗುವ ಕಾರುಗಳೂ ಬಂದಿವೆ. ಕೆಲವು ಬೆಲೆಬಾಳುವ ಮೋಟಾರ್ ಸೈಕಲ್ಲುಗಳಲ್ಲಿಯೂ ನಿಜವಾದ ಕ್ರೂಸ್ ಕಂಟ್ರೋಲ್ ಇದೆ.

ಕೊನೆಯ ದಿನಗಳು

1963ರಲ್ಲಿ ಪರ್ಫೆಕ್ಟ್ ಸರ್ಕಲ್ ಕಂಪನಿ ಡೇನಾ ಎಂಬ ದೊಡ್ಡ ಕಂಪನಿಯ ಪಾಲಾಯಿತು. ಟೀಟರ್ ಅವರು ತಮ್ಮ ಸಂಪಾದನೆಯಲ್ಲಿ ಒಂದು ಪಾಲನ್ನು ವಿದ್ಯೆಗಾಗಿ ತೆಗೆದಿಟ್ಟರು. ಎಂಜಿನಿಯರಿಂಗ್ ಕಲಿಸುವ ಕಿರಿಯ ಅಧ್ಯಾಪಕರಿಗೆ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿಯನ್ನು ಮೋಟಾರು ಎಂಜಿನಿಯರುಗಳ ಸಂಘ ಕೊಡುತ್ತ ಬಂದಿದೆ. ಕಲಿಯುವವನಿಗೂ ಕಾರ್ಖಾನೆಗೂ ನಡುವಿನ ಸೇತುವೆ ಅಧ್ಯಾಪಕನೆಂಬುದು ಅವರ ನಂಬಿಕೆ. ಇಂಡಿಯಾನಾದ ಅರ್ಲ್‌ಹ್ಯಾಮ್ ಕಾಲೇಜಿನಲ್ಲಿ ನಕ್ಷತ್ರಗಳನ್ನು ತೋರಿಸುವ ತಾರಾಲಯವೊಂದಕ್ಕೂ ಅವರದೇ ಹೆಸರಿದೆ. ಐದನೆಯ ವಯಸ್ಸಿನ ನಂತರ ಒಂದು ನಕ್ಷತ್ರವನ್ನೂ ಕಾಣದವರ ಹೆಸರಿನ ಮನೆಯಲ್ಲಿ ಮಕ್ಕಳು ಕುಳಿತು ಆಕಾಶವನ್ನು ನೋಡುತ್ತಾರೆ.

1982ರ ಫೆಬ್ರವರಿ 15ರಂದು, 91ನೆಯ ವಯಸ್ಸಿನಲ್ಲಿ, ರಾಲ್ಫ್ ಟೀಟರ್ ತೀರಿಕೊಂಡರು. ಅವರ ಮಗಳು ಮಾರ್ಜರಿ ತಂದೆಯ ಜೀವನ ಚರಿತ್ರೆಯನ್ನು ಬರೆದರು. 1988ರಲ್ಲಿ ಅಮೆರಿಕದ ಮೋಟಾರು ಉದ್ಯಮದ ಕೀರ್ತಿಮಂದಿರದಲ್ಲಿ ಅವರ ಹೆಸರನ್ನು ಸೇರಿಸಲಾಯಿತು.

ನಾವು ಕಲಿಯಬೇಕಾದದ್ದು

ಇಂಥ ಚರಿತ್ರೆಗಳನ್ನು ಬರೆಯುವಾಗ ಕೊನೆಗೆ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವುದು ವಾಡಿಕೆ. ಈ ಸಲ ಮೊದಲು ನಮಗೇ ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎಂದೂ ಹಲಗೆಯ ಮೇಲಿನದನ್ನು ಬರೆದುಕೊಳ್ಳುತ್ತಿರಲಿಲ್ಲ. ಪಕ್ಕದವನ ಪುಸ್ತಕಕ್ಕೆ ಮುಖ ತಾಗಿಸಿ ನಕಲು ಮಾಡುತ್ತಿದ್ದ. ಸೋಮಾರಿಯೆಂದು ಗದರಿದೆವು, ಒಂದು ದಿನ ಹೊರಗೂ ನಿಲ್ಲಿಸಿದೆವು. ಅವನು ಒಂದು ಮಾತೂ ಆಡಲಿಲ್ಲ. ಅರ್ಧ ವರ್ಷ ಕಳೆದ ಮೇಲೆ ಶಾಲೆಗೆ ಕಣ್ಣಿನ ತಪಾಸಣೆಯವರು ಬಂದಾಗ, ಆ ಮಗುವಿಗೆ ಮೂರು ಮಾರು ದೂರದ ಅಕ್ಷರವೂ ಕಾಣದೆಂದು ತಿಳಿಯಿತು. ಅಷ್ಟು ದಿನವೂ ಅವನು ನಮ್ಮ ದನಿಯನ್ನು ಕೇಳಿಯೇ ಪಾಠ ಕಲಿತಿದ್ದ. ಪದ್ಯಗಳನ್ನು ಕೇಳಿದರೆ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿಸಬಲ್ಲವನಾಗಿದ್ದ. ಕಾಣದಿದ್ದುದು ಅವನಿಗೋ ನಮಗೋ ಎಂದು ಆ ದಿನ ನಾವು ತಲೆ ತಗ್ಗಿಸಿದೆವು. ಕನ್ನಡಕ ಬಂತು, ಅವನು ಮುಂದಿನ ಬೆಂಚಿಗೆ ಬಂದ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿ ಹೋದ. ನಮ್ಮ ಮನಸ್ಸಿನ ಚುಚ್ಚು ಮಾತ್ರ ಉಳಿದಿದೆ.

ಆದ್ದರಿಂದ ತಂದೆತಾಯಂದಿರಲ್ಲಿ ನಮ್ಮ ಕೋರಿಕೆ ಇಷ್ಟೆ. ಕಣ್ಣು ಮಂದವಾದ, ಕಿವಿ ಕೇಳದ, ಕಾಲು ಸೊಟ್ಟಾದ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ, ದುಡಿಮೆಗೆ ಊರು ಬಿಡುವಾಗ ಜೊತೆಗೂ ಕರೆದೊಯ್ಯಬೇಡಿ. ಶಾಲೆಗೆ ಕಳಿಸಿ. ರಾಲ್ಫನ ತಂದೆತಾಯಿಗಳು ಅವನಿಗೆ ಕೊಟ್ಟದ್ದು ದಯೆಯಲ್ಲ, ಕೆಲಸ.

ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು. ನಾಳೆ ನೀವೂ ಗಾಡಿ ಹತ್ತುವಿರಿ. ನಮ್ಮ ಮೈಸೂರಿನಲ್ಲಿಯೇ 1961ರಿಂದ 1996ರವರೆಗೆ ಜಾವಾ, ಯೆಜ್ದಿ ಮೋಟಾರ್ ಸೈಕಲ್ಲುಗಳು ತಯಾರಾದವು. ನಿಮ್ಮ ತಾತಂದಿರು ಅವುಗಳ ಸದ್ದನ್ನು ದೂರದಿಂದಲೇ ಗುರುತಿಸುತ್ತಿದ್ದರು. ಅಂದಿನಿಂದ ಗಾಡಿಗಳ ವೇಗ ಬೆಳೆದಿದೆ, ನಮ್ಮ ದಾರಿಗಳ ಮೇಲೆ ಕುರಿ, ಎಮ್ಮೆ, ಹತ್ತಿಯ ಗಾಡಿ, ಶಾಲೆಗೆ ನಡೆಯುವ ಮಕ್ಕಳು ಹಾಗೆಯೇ ಇದ್ದಾರೆ. ವೇಗವನ್ನು ಹೆಚ್ಚಿಸುವುದು ಯಾವ ಕೈಗೂ ಸುಲಭ. ಕಾಣದ ಬೆರಳುಗಳಿಂದ ಅದಕ್ಕೆ ಕಡಿವಾಣ ಮಾಡಿದವರ ನೆನಪು ನಿಮ್ಮ ಬಲಗೈಯಲ್ಲಿರಲಿ.

ಮೊನ್ನೆ ಆ ಹಳೆಯ ವಿದ್ಯಾರ್ಥಿ ದಾರಿಯಲ್ಲಿ ಸಿಕ್ಕಿದ್ದ. ಲಾಕ್ ಹೇಗಿದೆಯೆಂದು ವಿಚಾರಿಸಿದೆವು. ರಾಯಚೂರಿನ ದಾರಿಯಲ್ಲಿ ಬಯಲು ಕಂಡಾಗ ಎರಡು ಮೂರು ನಿಮಿಷ ಹಾಕಿ ಮಣಿಕಟ್ಟು ಝಾಡಿಸಿಕೊಳ್ಳುತ್ತಾನಂತೆ, ದೂರದಲ್ಲಿ ಒಂದು ಕುರಿ ಕಂಡರೂ ತೆಗೆದುಬಿಡುತ್ತಾನಂತೆ. ಹೊರಡುವ ಮುನ್ನ ಪ್ರತಿದಿನವೂ ಹಿಡಿಯನ್ನು ತಿರುಗಿಸಿ ಬಿಟ್ಟು, ಅದು ತಾನಾಗಿ ಹಿಂದಕ್ಕೆ ಬರುತ್ತದೆಯೇ ಎಂದು ನೋಡಿಕೊಳ್ಳುತ್ತಾನಂತೆ. ಕೇಳಿ ನಮಗೆ ಸಮಾಧಾನವಾಯಿತು.